ವೆಬ್‌ಸೈಟಿಗೊಂದು ದೃಷ್ಟಿಬೊಟ್ಟು

ಮುದ್ದಪ್ಪನ ಹೊಲಿಗೆ ಯೂನಿಟ್ಟಿಗೆ ಹೋಗಬೇಕಾದರೆ ಮೊದಲು ಎರಡು ಎಮ್ಮೆಗಳನ್ನು ದಾಟಬೇಕು. ರಾಯದುರ್ಗದ ಬಜಾರಿನಿಂದ ಎಡಕ್ಕೆ ತಿರುಗಿ, ನೀರಿನ ಕೊಳಾಯಿ ಬಿಟ್ಟು, ಎಮ್ಮೆಗಳ ಅಪ್ಪಣೆ ಪಡೆದು ಒಳಗೆ ಕಾಲಿಟ್ಟರೆ ಹದಿನೆಂಟು ಮಿಷನ್ನುಗಳು ಒಟ್ಟಿಗೆ ಜೀನ್ಸ್ ಪ್ಯಾಂಟು ಹೊಲಿಯುವ ಸದ್ದು ಎದೆಗೇ ಬಂದು ಬಡಿಯುತ್ತದೆ. ಇಪ್ಪತ್ತಾರು ವರ್ಷ ಆ ಸಂದಿಯಿಂದ ಮುದ್ದಪ್ಪನಿಗೆ ಯಾವ ತೊಂದರೆಯೂ ಆಗಿರಲಿಲ್ಲ. ಪ್ಯಾಂಟು ಬೇಕಾದವರು ಎಮ್ಮೆ ದಾಟಿ ಬರುತ್ತಿದ್ದರು. ಎಮ್ಮೆಗೆ ಹೆದರುವ ಗಿರಾಕಿ ಪ್ಯಾಂಟಿನಲ್ಲೂ ಕೊಂಕು ಹುಡುಕುವವನೇ ಎಂಬುದು ಅವನ ಅನುಭವ.

ಈ ಸಲದ ಗಿರಾಕಿ ಮಾತ್ರ ಎಮ್ಮೆಯವರೆಗೂ ಬರುವಂತಿರಲಿಲ್ಲ. ಅವನು ಮಡಕಶಿರಾದ ಬಟ್ಟೆ ವ್ಯಾಪಾರಿ ದೊಡ್ಡರಂಗಪ್ಪ. ನಾಲ್ಕು ಊರಲ್ಲಿ ನಾಲ್ಕು ಅಂಗಡಿ, ವರ್ಷಕ್ಕೆ ಮೂರು ಸಾವಿರ ಪ್ಯಾಂಟಿನ ಲಾಟು. ಇಷ್ಟು ದಿನ ಅವನಿಗೆ ಮಾಲು ಕೊಡುತ್ತಿದ್ದ ಬೇರೆ ಊರಿನವರು ಬಾಗಿಲು ಹಾಕಿದ್ದರಿಂದ ಅವನ ಕಣ್ಣು ರಾಯದುರ್ಗದ ಮೇಲೆ ಬಿದ್ದಿತ್ತು. ಕಣ್ಣು ಬಿದ್ದ ವಾರದಲ್ಲೇ ಅವನ ಮೊಣಕಾಲಿಗೆ ಆಪರೇಷನ್ ಆಯಿತು.

ಗುರುವಾರ ಬೆಳಿಗ್ಗೆ ಅವನೇ ಫೋನು ಮಾಡಿದ್ದ. "ಮುದ್ದಪ್ಪ, ನಾನಂತೂ ಬರಾಕಾಗಲ್ಲ ಕಣಯ್ಯ. ಅದೇನೋ ವೆಬ್‌ಸೈಟ್ ಅಂತಾರಲ್ಲ, ಅದ್ರಾಗೆ ನಿನ್ ಮಾಲು ಹಾಕು. ನಿಮ್ಮೂರಿನ ಶಿವರಾಮ ಆಗ್ಲೇ ಹಾಕವ್ನಂತೆ. ಸೋಮವಾರ ಹತ್ತು ಗಂಟೆಗೆ ಅಂಗ್ಡಿ ಬಾಗ್ಲು ತೆಗ್ದು ಕೂತ್ಕಂಡು ಎರಡೂ ನೋಡ್ತೀನಿ. ಯಾವ್ದು ಮನಸ್ಸಿಗೆ ಬತ್ತದೋ ಅವರಿಗೆ ಲಾಟು."

"ಯಜಮಾನ್ರ, ಎರಡು ಸ್ಯಾಂಪಲ್ ಪೀಸು ಬಸ್ಸಿಗೆ ಹಾಕಿ ಕಳಿಸ್ಲೇನ್ರಿ?"

"ಸ್ಯಾಂಪಲ್ ಬ್ಯಾಡ. ನಲವತ್ತು ವರ್ಷದಾಗೆ ಕೆಟ್ಟ ಸ್ಯಾಂಪಲ್ ಒಂದೂ ನೋಡಿಲ್ಲ ನಾನು."

ಸ್ಯಾಂಪಲ್ಲು ಸುಳ್ಳು ಹೇಳುತ್ತದೆ, ವೆಬ್‌ಸೈಟು ಹೇಳುವುದಿಲ್ಲ ಎಂಬ ನಂಬಿಕೆ ಅಷ್ಟು ಅನುಭವಸ್ಥನಿಗೆ ಎಲ್ಲಿಂದ ಬಂತೋ ತಿಳಿಯದು. ಹಾಸಿಗೆ ಹಿಡಿದ ಮನುಷ್ಯನ ಕೈಗೆ ಫೋನು ಕೊಟ್ಟರೆ ಇಂಥವೆಲ್ಲ ಆಗುತ್ತವೆ.

ಮುದ್ದಪ್ಪ ಫೋನಿಟ್ಟು ಮಿಷನ್ನುಗಳ ಕಡೆ ನೋಡಿದ. ಶನಿವಾರಕ್ಕೆ ಕೈಯಲ್ಲಿದ್ದ ದೊಡ್ಡ ಕೆಲಸ ಮುಗಿಯುತ್ತಿತ್ತು. ಆಮೇಲೆ ಲಾಟು ಬರದಿದ್ದರೆ ಎಂಟು ಮಿಷನ್ನಿಗೆ ಬಟ್ಟೆ ಹೊದಿಸಬೇಕು. ಮಿಷನ್ನಿಗೆ ಹೊದಿಸಬಹುದು, ಅದರ ಮುಂದೆ ಕೂತವರಿಗೆ ಏನು ಹೇಳುವುದು? ಮೊದಲ ಸಾಲಿನ ಮೈಲಾರಮ್ಮ ಇಪ್ಪತ್ತೆರಡು ವರ್ಷದಿಂದ ಅಲ್ಲಿದ್ದವಳು. ಅವಳು ಜೇಬು ಕೂಡಿಸಿದರೆ ಪ್ಯಾಂಟು ಹರಿದರೂ ಜೇಬು ಹರಿಯದು ಎಂದು ಬಜಾರಿನಲ್ಲೇ ಮಾತಿತ್ತು. ಎರಡು ಬೀದಿ ಆಚೆ ಇಂಥದೇ ಯೂನಿಟ್ಟು ಇಟ್ಟಿದ್ದ ಶಿವರಾಮ ಅವಳಿಗೆ ಆಗಲೇ ಹೇಳಿ ಕಳಿಸಿದ್ದ: ಲಾಟು ನನಗೇ ಬರುತ್ತದೆ, ನೀನು ಬಂದುಬಿಡು, ಫ್ಯಾನಿನ ಕೆಳಗಿನ ಮಿಷನ್ನು ನಿನ್ನದು.

"ನೀನೇನಂದಿ?" ಎಂದು ಮುದ್ದಪ್ಪ ಕೇಳಿದ್ದಕ್ಕೆ ಮೈಲಾರಮ್ಮ ದಾರ ಕಚ್ಚಿ ತುಂಡರಿಸಿ, "ನೋಡೋಣ್ರಿ ಅಣ್ಣಾ" ಅಂದಿದ್ದಳು.

ಇಪ್ಪತ್ತೆರಡು ವರ್ಷದಲ್ಲಿ ಮೈಲಾರಮ್ಮ 'ಆಗಂಗಿಲ್ಲ' ಅಂದದ್ದುಂಟು, 'ನಿಮಗ ತಲಿ ಕೆಟ್ಟೈತಿ' ಅಂದದ್ದುಂಟು. 'ನೋಡೋಣ' ಅಂದದ್ದು ಇದೇ ಮೊದಲು. ಮುದ್ದಪ್ಪ ಅರ್ಧ ಗಂಟೆಯೊಳಗೆ ನಾಗವೇಣಿಗೆ ಫೋನು ಮಾಡಿದ.

ನಾಗವೇಣಿ ಅವನ ಅಕ್ಕನ ಮಗಳು. ಮಡಕಶಿರಾದಲ್ಲಿ, ದೊಡ್ಡರಂಗಪ್ಪನ ಅಂಗಡಿಗೆ ಸರಿ ಎದುರಿಗೆ, ಅವಳದೊಂದು ಝೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ಫ್ಲೆಕ್ಸು, ಆನ್‌ಲೈನ್ ಅರ್ಜಿ, ಇತ್ತೀಚೆಗೆ ವೆಬ್‌ಸೈಟು. ಒಂದು ಡ್ರೈವಿಂಗ್ ಶಾಲೆಗೂ ಒಬ್ಬ ಹುಣಸೆಹಣ್ಣಿನ ವ್ಯಾಪಾರಿಗೂ ಮಾಡಿಕೊಟ್ಟಿದ್ದಳು. ದೊಡ್ಡರಂಗಪ್ಪನ ಕಿವಿಗೆ ಮುದ್ದಪ್ಪನ ಹೆಸರು ಹಾಕಿದವಳೂ ಅವಳೇ. ಗುರುವಾರ ಸಂಜೆಯೇ ಲ್ಯಾಪ್‌ಟಾಪಿನ ಚೀಲ ಹೆಗಲಿಗೇರಿಸಿ ಎಮ್ಮೆ ದಾಟಿ ಬಂದಳು.

"ಮೊದ್ಲು ಶಿವರಾಮಂದು ತೋರ್ಸು ಮಾವ" ಅಂದಳು.

ಶಿವರಾಮನ ವೆಬ್‌ಸೈಟು ತೆರೆದರೆ ಮೊದಲು ಒಂದು ಮೋಟಾರು ಸೈಕಲ್ಲಿನ ಗರ್ಜನೆ, ಆಮೇಲೆ ಅದರ ಮೇಲೆ ಕೂತ ನೀಲಿ ಕಣ್ಣಿನ ಬಿಳಿಯ ಮನುಷ್ಯ. ಅವನು ರಾಯದುರ್ಗದ ಕಡೆಯವನಲ್ಲ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಆದರೂ ಮುದ್ದಪ್ಪ ಅದನ್ನು ಇನ್ನೊಮ್ಮೆ ಹಾಕಿ ನೋಡಿದ.

"ನಮಗ ಇದರಪ್ಪನಂಥದ್ದು ಆಗಬೇಕವಾ. ತೆರದ ಕೂಡಲೇ ನೋಡಿದವ ಬೆಚ್ಚಿ ಬೀಳಬೇಕು."

"ಬೆಚ್ಚಿ ಬಿದ್ರೆ ಫೋನು ಕೆಳಕ್ಕೆ ಬೀಳ್ತದೆ. ಮಾವ, ಇಲ್ಲಿ ಕೇಳು. ಜನ ಮೂರು ಸೆಕೆಂಡ್ ನೋಡ್ತಾರೆ. ಅಷ್ಟ್ರಾಗೆ ಹಿಡಿಸ್ಲಿಲ್ಲ ಅಂದ್ರೆ ಮುಂದಕ್ಕೆ ಹೋಯ್ತಾರೆ."

"ಮೂರು ಸೆಕೆಂಡ್ ಅಂದ್ರ? ಅಷ್ಟರಾಗ ನಾನು ಸೂಜಿಗೆ ದಾರಾನೂ ಪೋಣಿಸಂಗಿಲ್ಲ. ನಿಮ್ಮತ್ತೀನ ನೋಡಾಕ ಹೋದಾಗ ಎರಡು ಸಲ ಉಪ್ಪಿಟ್ಟು ತಿಂದು ಆಮ್ಯಾಲೆ ಒಪ್ಪಿದೀನಿ."

ಮುದ್ದಪ್ಪನ ಹೆಂಡತಿ ಸರಸ್ವತಮ್ಮ ಮೂಲೆಯಲ್ಲಿ ಕೂತು ಹೊಲಿದು ಮುಗಿದ ಪ್ಯಾಂಟುಗಳ ಉಳಿಕೆ ದಾರ ಕತ್ತರಿಸುತ್ತಿದ್ದಳು. ಯೂನಿಟ್ಟಿನಿಂದ ಹೊರಗೆ ಹೋಗುವ ಪ್ರತಿ ಪೀಸೂ ಅವಳ ಕೈ ಮತ್ತು ಕಣ್ಣು ದಾಟಿಯೇ ಹೋಗಬೇಕು. ತಲೆಯೆತ್ತದೆ ಹೇಳಿದಳು: "ನೀವು ಉಪ್ಪಿಟ್ಟು ನೋಡಿದ್ರಿ. ನನ್ನ ನೋಡಲಿಲ್ಲ."

"ಅತ್ತೆ ಹೇಳಿದ್ದು ಸರಿ ಐತೆ" ಎಂದು ನಾಗವೇಣಿ ಲ್ಯಾಪ್‌ಟಾಪ್ ಬಿಚ್ಚಿದಳು.

ಮೊದಲ ಪುಟ ಹೇಗಿರಬೇಕೆಂದು ಮುದ್ದಪ್ಪನಿಗೆ ಸ್ಪಷ್ಟವಾದ ಕಲ್ಪನೆ ಇತ್ತು. ಮೇಲೆ ವೆಂಕಟರಮಣಸ್ವಾಮಿ, ಎಡಕ್ಕೆ ಹನುಮಪ್ಪ. ತೆರೆದ ಕೂಡಲೇ ಕೆಂಪು ಪರದೆ ಎರಡು ಕಡೆ ಸರಿಯಬೇಕು, ಹೂವು ಉದುರಬೇಕು, ನಾದಸ್ವರ ಬರಬೇಕು. ನಡುವೆ ಮುದ್ದಪ್ಪ ಕೈಮುಗಿದು ನಿಂತ ಫೋಟೋ. 'ತಮಗೆ ಆದರದ ಸುಸ್ವಾಗತ' ಎಂಬ ಮಾತು ಕನ್ನಡ, ತೆಲುಗು, ಇಂಗ್ಲಿಷು ಮತ್ತು ಹಿಂದಿಯಲ್ಲಿ. ಹಿಂದಿ ಯಾಕೆಂದು ನಾಗವೇಣಿ ಕೇಳಿದ್ದಕ್ಕೆ, "ಇರಲಿ, ಯಾರಾದ್ರೂ ಬಂದಾರು" ಅಂದ. ಕೆಳಗೆ, ಜಾಗ ಉಳಿದರೆ, ಪ್ಯಾಂಟು.

ಅವಳು ಮಾವ ಹೇಳಿದ್ದನ್ನೆಲ್ಲ ಹಾಕಿದಳು. ಹಾಕಿ, "ಈಗ ಪರೀಕ್ಷೆ ಮಾಡಾಣ. ಯಾರನ್ನಾದ್ರೂ ಕರಿ. ಮೂರು ಸೆಕೆಂಡ್ ತೋರ್ಸಿ ಮುಚ್ತೀನಿ, ಏನ್ ಕಾಣ್ತು ಅಂತ ಅವರು ಹೇಳ್ಲಿ" ಅಂದಳು.

ಮೈಲಾರಮ್ಮನನ್ನು ಕರೆದರು. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತಳು. ಪರದೆ ಸರಿಯಿತು, ಹೂವು ಉದುರಿತು, ನಾದಸ್ವರ ಊದಿತು. ಒಂದು, ಎರಡು, ಮೂರು. ನಾಗವೇಣಿ ಲ್ಯಾಪ್‌ಟಾಪ್ ಮುಚ್ಚಿದಳು.

"ಏನು ಕಂಡಿತವಾ?" ಮುದ್ದಪ್ಪ ಮುಂದಕ್ಕೆ ಬಾಗಿದ.

"ಯಾರದ್ರೀ ಲಗ್ನ?" ಅಂದಳು ಮೈಲಾರಮ್ಮ. "ಊಟ ಎಷ್ಟು ಗಂಟೆಗೆ?"

ಮುದ್ದಪ್ಪ ಸೋಲೊಪ್ಪುವ ಜಾತಿಯಲ್ಲ. ಶುಕ್ರವಾರ ಹೊಸ ವಿಚಾರದೊಂದಿಗೆ ಎದ್ದ. ಹೂವು, ಪರದೆ, ನಾದಸ್ವರ ಬೇಡ. ಘನತೆ ಇರಬೇಕು. ಘನತೆ ಅಂದರೆ ಅಪ್ಪ. ಊರಿನಲ್ಲಿ ಮೊದಲು ಕಾಲು ತುಳಿಯುವ ಮಿಷನ್ನು ತಂದವರಲ್ಲಿ ತನ್ನ ಅಪ್ಪನೂ ಒಬ್ಬ ಎಂದು ಮುದ್ದಪ್ಪ ಹೇಳುತ್ತಿದ್ದ, ಅಲ್ಲಗಳೆಯುವವರು ಈಗ ಯಾರೂ ಉಳಿದಿರಲಿಲ್ಲ. ಗೋಡೆಯ ಮೇಲಿನ ಅಪ್ಪನ ಫೋಟೋ ಇಳಿಸಿ, ಧೂಳು ಒರೆಸಿ, ಹೊಸ ಹಾರ ಹಾಕಿ, ನಾಗವೇಣಿ ಅದನ್ನೇ ದೊಡ್ಡದಾಗಿ ಕೂರಿಸಿದಳು. ಹಿಂದೆ ಕಡುಗಪ್ಪು, ಎರಡು ಬದಿಗೆ ದೀಪ, ಕೆಳಗೆ ಬಂಗಾರದ ಅಕ್ಷರದಲ್ಲಿ ಇಸವಿ.

ಮೈಲಾರಮ್ಮ ನೋಡಿದಳು. ಮೂರು ಸೆಕೆಂಡು ಮುಗಿಯುವ ಮೊದಲೇ ಕೈಮುಗಿದಳು.

"ಪಾಪ. ಯಾವಾಗ ತೀರಿಕೊಂಡ್ರು?"

"ಅದು ನಮ್ಮಪ್ಪ ಅಲ್ಲೇನವಾ! ಹದಿನೈದು ವರ್ಷ ಆತು!"

"ಅದು ಗೊತ್ತೈತ್ರಿ. ಆದ್ರೂ ಹಿಂಗ ಧಿಡೀರ್ ತೋರಿಸಿದ್ರ ಮತ್ತೊಮ್ಮೆ ಹೋದಂಗಾತು."

ಹಿಂದಿನ ಸಾಲಿನ ಹೆಂಗಸರು ನಕ್ಕರು. ಅಷ್ಟೂ ಮಿಷನ್ನುಗಳು ನಿಂತಿದ್ದರಿಂದ ನಗು ಎಮ್ಮೆಗಳವರೆಗೂ ಕೇಳಿಸಿತು. ಮುದ್ದಪ್ಪ ಅಪ್ಪನನ್ನು ಮತ್ತೆ ಗೋಡೆಗೆ ತೂಗುಹಾಕಿ, ಹೊರಗೆ ಹೋಗಿ ಚಾ ಕುಡಿದು ಬಂದ. ಬರುವಷ್ಟರಲ್ಲಿ ನಾಗವೇಣಿ ಒಂದು ಪ್ಯಾಂಟು ತೆಗೆದು ಬಾಗಿಲ ಬೆಳಕಿಗೆ ಹಿಡಿದು ಫೋಟೋ ಹೊಡೆದು ಮೂರನೆಯ ಪುಟ ಮಾಡಿಟ್ಟಿದ್ದಳು. ಈ ಸಲ ಅವನನ್ನು ಏನೂ ಕೇಳಿರಲಿಲ್ಲ.

ಬಿಳಿಯ ಪುಟ. ನಡುವೆ ಕಡುನೀಲಿ ಪ್ಯಾಂಟು ಒಂದು. ಕೆಳಗೆ ಸಣ್ಣ ಅಕ್ಷರದಲ್ಲಿ 'ಮುದ್ದಪ್ಪ, ರಾಯದುರ್ಗ'. ಮತ್ತೇನೂ ಇಲ್ಲ.

"ಇದೇನವಾ, ಹಿಂಗ ಬೋಳು ಬಿಟ್ಟೀಯಲ್ಲ? ಬಣ್ಣ ಮುಗಿದಾವೇನು?"

"ಮೈಲಾರಮ್ಮ, ಬಾ ಇಲ್ಲಿ" ಎಂದಳು ನಾಗವೇಣಿ.

ಒಂದು, ಎರಡು, ಮೂರು.

"ಪ್ಯಾಂಟು" ಅಂದಳು ಮೈಲಾರಮ್ಮ. ಆಮೇಲೆ, ತಾನಾಗಿಯೇ, "ಇನ್ನೊಮ್ಮೆ ತೋರಿಸವಾ" ಅಂದಳು.

ಯಾರೂ ನಗಲಿಲ್ಲ. ಮುದ್ದಪ್ಪ ಮತ್ತೆ ನೋಡಿದ. ತಾನು ಹೊಲಿಸಿದ ಪ್ಯಾಂಟೇ ಅದು, ದಿನಾ ಕಾಲಿಗೆ ತೊಡರುವಂಥದ್ದು. ಆದರೆ ಆ ಬಿಳಿಯಲ್ಲಿ ಅದು ಯಾರದೋ ಶ್ರೀಮಂತರ ಮನೆಯ ಅಳಿಯನಂತೆ ನಿಂತಿತ್ತು.

"ಇರಲಿ ಬಿಡು" ಅಂದ. ಅವನ ಬಾಯಲ್ಲಿ ಅದು ಹೊಗಳಿಕೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಶನಿವಾರ ಬೆಳಿಗ್ಗೆ ಸರಸ್ವತಮ್ಮ ಕತ್ತರಿ ಕೆಳಗಿಟ್ಟು ಬಂದು ಲ್ಯಾಪ್‌ಟಾಪಿನ ಮುಂದೆ ಕೂತಳು. ಮೂರು ಸೆಕೆಂಡಿನ ಕಟ್ಟು ಅವಳಿಗೆ ಅನ್ವಯಿಸುವುದಿಲ್ಲ. ಎಲೆ ಅಡಿಕೆ ಮುಗಿಯುವಷ್ಟು ಹೊತ್ತು ನೋಡಿದಳು. ಆಮೇಲೆ ಎರಡೂ ಕೈ ಚಾಚಿ ಪರದೆಯ ಎರಡು ಅಂಚಿನಿಂದ ದೃಷ್ಟಿ ತೆಗೆದು ತನ್ನ ಕಪಾಲಕ್ಕೆ ಒತ್ತಿ ನೆಟಿಗೆ ಮುರಿದಳು. ಹತ್ತೂ ಬೆರಳು ಪಟಪಟ ಅಂದವು.

"ಭಾಳ ಚಂದ ಐತಿ. ಅದಕ್ಕ ಹೇಳ್ತೀನಿ, ಇದಕ್ಕೊಂದು ಬೊಟ್ಟು ಇಡು."

"ಏನ್ ಬೊಟ್ಟು ಅತ್ತೆ?"

"ದೃಷ್ಟಿಬೊಟ್ಟು. ಕರೇದು. ಊರೆಲ್ಲ ನೋಡೋದಲ್ಲೇನು ಇದು? ಎಂಥೆಂಥ ಕಣ್ಣು ಇರ್ತಾವೋ."

ನಾಗವೇಣಿ ಮಾವನ ಕಡೆ ನೋಡಿದಳು. ಮಾವ ತೊಲೆಯ ಕಡೆ ನೋಡಿದ. ಆ ಮನೆಯಲ್ಲಿ ಇದಕ್ಕೊಂದು ಇತಿಹಾಸವಿತ್ತು. ಪ್ರತಿ ಲಾಟಿನ ಮೊದಲ ಪ್ಯಾಂಟಿನ ಬಲಜೇಬಿನ ಒಳಗೆ ಸರಸ್ವತಮ್ಮ ತನ್ನ ಕೈಯಾರೆ ಕಪ್ಪು ದಾರದ ಒಂದು ಸೊಟ್ಟ ಹೊಲಿಗೆ ಹಾಕುತ್ತಿದ್ದಳು. ಲಾಟಿಗೆಲ್ಲ ಅದೇ ದೃಷ್ಟಿಬೊಟ್ಟು. ನಾಲ್ಕು ವರ್ಷದ ಹಿಂದೆ ಅವಳು ತಂಗಿಯ ಬಾಣಂತನಕ್ಕೆ ಹೋಗಿದ್ದಾಗ ಒಂದು ಲಾಟು ಆ ಹೊಲಿಗೆಯಿಲ್ಲದೆ ಹೋಯಿತು, ಇನ್ನೂರು ಪ್ಯಾಂಟಿನ ಜಿಪ್ಪು ಕಚ್ಚಿಕೊಂಡು ವಾಪಸು ಬಂದವು. ಆ ಜಿಪ್ಪು ಕಂಡವರಿಂದ ಅಗ್ಗಕ್ಕೆ ತಂದವನು ತಾನೇ ಎಂಬುದು ಮುದ್ದಪ್ಪನಿಗೆ ಗೊತ್ತಿತ್ತು. ಆದರೆ ಕೆಟ್ಟ ಕಣ್ಣಿನ ಕಥೆ ಅವನಿಗೂ ಅನುಕೂಲವಾಗಿದ್ದರಿಂದ ನಾಲ್ಕು ವರ್ಷವೂ ಸುಮ್ಮನಿದ್ದ. ಈಗ ಬಾಯಿ ಬಿಡುವಂತಿರಲಿಲ್ಲ.

"ಇಡು ಮತ್ತ, ಸಣ್ಣದೊಂದು" ಅಂದ ಸಣ್ಣ ದನಿಯಲ್ಲಿ.

"ಆಗಾಕಿಲ್ಲ! ಬಿಳಿ ಪುಟದ ಮೇಲೆ ಕರಿ ಚುಕ್ಕೆ ಇಟ್ರೆ ಗಲೀಜು ಅನ್ಕಂತಾರೆ ಮಾವ. ಮೂರು ದಿನ ಬಡ್ಕಂಡಿದ್ದು ಏನಾಯ್ತು? ಮೊದ್ಲು ಕಣ್ಣಿಗೆ ಬೀಳೋದೇ ಅದು!"

"ಮೊದಲು ಅದರ ಮ್ಯಾಲೆ ಕಣ್ಣು ಬೀಳ್ಲಿ ಅಂತನ ಇಡೋದು" ಅಂದಳು ಸರಸ್ವತಮ್ಮ. "ನೋಡಿಲ್ಲಿ." ಪಕ್ಕದ ರಾಶಿಯಿಂದ ಲಾಟಿನ ಮೊದಲ ಪೀಸು ಎಳೆದು, ಜೇಬಿಗೆ ಕೈ ಹಾಕಿ ಒಳಮಗ್ಗುಲನ್ನು ಹೊರಕ್ಕೆ ತಿರುವಿ ನಾಗವೇಣಿಯ ಮುಖದ ಮುಂದೆ ಹಿಡಿದಳು. ಮೈಲಾರಮ್ಮನ ಎರಡು ಸಾಲು ಹೊಲಿಗೆ ಗೆರೆ ಎಳೆದಂತೆ ಹೋಗಿತ್ತು. ಅದರ ಪಕ್ಕ ಒಂದೇ ಒಂದು ಕಪ್ಪು ಸೊಟ್ಟ ಹೊಲಿಗೆ.

ನಾಗವೇಣಿ ಪ್ಯಾಂಟನ್ನು ಕೈಗೆ ತೆಗೆದುಕೊಂಡಳು. ಜೇಬನ್ನೇ ನೋಡುತ್ತ ಕೂತಳು. ಆಮೇಲೆ ನಕ್ಕಳು.

"ಸರಿ ಬಿಡತ್ತೆ. ಇಡ್ತೀನಿ."

ಇಷ್ಟು ಸುಲಭವಾಗಿ ಒಪ್ಪಿದ್ದು ಮುದ್ದಪ್ಪನಿಗೆ ಸರಿಬರಲಿಲ್ಲ. ಅವನ ಅಕ್ಕನ ಮನೆಯ ಕಡೆಯವರು ವಾದದಲ್ಲಿ ಸೋಲುವಾಗ ನಗುವವರಲ್ಲ. ಆದರೆ ಅವನಿಗೆ ಆ ಮಧ್ಯಾಹ್ನ ಬೇರೆ ಕೆಲಸವಿತ್ತು. ಕಣೇಕಲ್ಲು, ಬೆಳುಗುಪ್ಪ, ಬಳ್ಳಾರಿ, ಎಲ್ಲಿ ಯಾರಿದ್ದರೋ ಎಲ್ಲ ನೆಂಟರಿಗೂ ಫೋನು ಮಾಡಿ, ವೆಬ್‌ಸೈಟು ಆಗಿದೆ, ನೋಡ್ರಿ, ಮೂರು ಸೆಕೆಂಡಿಗಿಂತ ಹೆಚ್ಚು ನೋಡ್ರಿ ಎಂದು ಹೇಳುತ್ತ ಬೀದಿಯಲ್ಲಿ ಓಡಾಡುತ್ತಿದ್ದ. ಊಟದ ಹೊತ್ತಿನಲ್ಲಿ ನಾಗವೇಣಿ ಮೈಲಾರಮ್ಮನನ್ನು ಬಾಗಿಲ ಬೆಳಕಿಗೆ ಕೂರಿಸಿ ಏನೇನೋ ಹಿಡಿಸಿ ಫೋಟೋ ಹೊಡೆದದ್ದು ಅವನಿಗೆ ಕಾಣಲಿಲ್ಲ.

ಸಂಜೆ ಅವಳು ಹೊರಟಾಗ ಸರಸ್ವತಮ್ಮ ಲ್ಯಾಪ್‌ಟಾಪಿನ ಚೀಲಕ್ಕೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ಕಟ್ಟಿದಳು. ಕಲ್ಯಾಣದುರ್ಗದ ಬಸ್ಸಿನಲ್ಲಿ ಪಕ್ಕದ ಸೀಟಿನವರು, "ಹೊಸಾ ಗಾಡೀನಾ ಅಮ್ಮಾ?" ಎಂದು ಕೇಳಿದರಂತೆ.

ಸೋಮವಾರ ಮನೆಯಲ್ಲೇ ಇರಬೇಕೆಂದು ನಾಗವೇಣಿ ಮಾವನಿಗೆ ಕಟ್ಟಪ್ಪಣೆ ಮಾಡಿದ್ದಳು. ಆದ್ದರಿಂದ ಭಾನುವಾರವೇ ಮುದ್ದಪ್ಪ ಮಡಕಶಿರಾಕ್ಕೆ ಬಂದು ಅಕ್ಕನ ಮನೆಯಲ್ಲಿ ಮುದ್ದೆ ಉಂಡು ಮಲಗಿದ. ಮಾರನೆಯ ದಿನ ಒಂಬತ್ತೂವರೆಗೆ ಅವಳ ಅಂಗಡಿಯ ಝೆರಾಕ್ಸ್ ಮಿಷನ್ನಿನ ಹಿಂದೆ ಒಂದು ಸ್ಟೂಲು ಹಾಕಿಕೊಂಡು ಕೂತಿದ್ದ. ಅಲ್ಲಿಂದ ದೊಡ್ಡರಂಗಪ್ಪನ ಗದ್ದುಗೆ ನೇರ ಕಾಣುತ್ತಿತ್ತು. ಬೀದಿ ಕಿರಿದು, ದೊಡ್ಡರಂಗಪ್ಪನ ಗಂಟಲು ದೊಡ್ಡದು, ಕೇಳಿಸುವುದಕ್ಕೇನೂ ತೊಂದರೆಯಿರಲಿಲ್ಲ.

"ಎಷ್ಟು ಮಂದಿ ನೋಡ್ಯಾರ?" ಎಂದು ಪಿಸುಗುಟ್ಟಿದ.

"ನೂರಾ ಹದಿನಾಲ್ಕು ಸಲ."

"ಅಬ್ಬಾ!"

"ಅದ್ರಾಗೆ ಅರವತ್ತು ನಿನ್ ಫೋನಿಂದೇ ಮಾವ. ಇನ್ನೊಬ್ರು ಯಾರೋ ನಿನ್ನೆ ನಲವತ್ತು ನಿಮಿಷ ಒಂದೇ ಸಮ ನೋಡವ್ರೆ."

ಅದು ಯಾರೆಂದು ಇಬ್ಬರೂ ಹೇಳಲಿಲ್ಲ. ರಾಯದುರ್ಗದಲ್ಲಿ ಅಷ್ಟು ಶ್ರದ್ಧೆ ಇರುವುದು ಶಿವರಾಮನಿಗೆ ಮಾತ್ರ.

ಹತ್ತು ಗಂಟೆಗೆ ದೊಡ್ಡರಂಗಪ್ಪ ಕುರ್ಚಿಯಲ್ಲಿ ಕೂತು, ಆಪರೇಷನ್ನಾದ ಕಾಲನ್ನು ಬಟ್ಟೆಯ ಥಾನಿನ ಮೇಲೆ ಚಾಚಿ, ಕನ್ನಡಕ ಏರಿಸಿ, ಫೋನನ್ನು ಒಂದು ಮೊಳ ದೂರ ಹಿಡಿದ. ಮೊದಲು ಶಿವರಾಮನದು. ಮೋಟಾರು ಸೈಕಲ್ಲು ಗರ್ಜಿಸಿದ ರಭಸಕ್ಕೆ ಬೀದಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಗಾಡಿ ಚೆನ್ನಾಗೈತೆ" ಅಂದ ದೊಡ್ಡರಂಗಪ್ಪ ಗಟ್ಟಿಯಾಗಿ. ಸ್ವಲ್ಪ ಹೊತ್ತು ಬಿಟ್ಟು, "ಪ್ಯಾಂಟು ಎಲ್ಲೈತಪ್ಪ?" ಅಂದ.

ಗಾಡಿಯ ಟ್ಯಾಂಕಿನ ಹಿಂದೆ ಬಿಳಿಯ ಮನುಷ್ಯನ ಒಂದು ಮೊಣಕಾಲು ಮಾತ್ರ ಕಾಣುತ್ತಿತ್ತು. ಮುದ್ದಪ್ಪನಿಗೆ ಉಸಿರು ಬಂತು.

ಆಮೇಲೆ ಇವನದು. ಫೋನಿನಿಂದ ಸದ್ದಿಲ್ಲ. ದೊಡ್ಡರಂಗಪ್ಪ ನೋಡಿದ. ಝೆರಾಕ್ಸ್ ಮಿಷನ್ನಿನ ಹಿಂದೆ ಮುದ್ದಪ್ಪ ಬೆರಳು ಮಡಿಸಿದ. ಒಂದು. ಎರಡು. ಮೂರು.

ದೊಡ್ಡರಂಗಪ್ಪ ಫೋನನ್ನು ಹತ್ತಿರ ತಂದ. ಕನ್ನಡಕ ತೆಗೆದು ಪಂಚೆಗೆ ಒರೆಸಿ ಮತ್ತೆ ಹಾಕಿಕೊಂಡ. ಆಮೇಲೆ ಫೋನನ್ನೇ ಪಂಚೆಗೆ ತಿಕ್ಕಿದ.

"ಹೋತು" ಅಂದ ಮುದ್ದಪ್ಪ. "ಗಲೀಜು ಅನ್ಕೊಂಡ. ನಿಮ್ಮತ್ತಿ ಬೊಟ್ಟು ಇಟ್ಟು ನನ್ನ ಹೊಟ್ಟಿ ಮ್ಯಾಲೆ ಹೊಡೆದ್ಲು."

"ಸುಮ್ಕಿರು ಮಾವ."

"ಏನ್ ಸುಮ್ನಿರ್ಲಿ! ಮೊದಲ ನೋಟಕ್ಕ ಹೊಲಸು ಕಾಣ್ತು. ಹೋಗಿ ಹೇಳ್ತೀನಿ, ಅದು ಬೊಟ್ಟು ಅಂತ..."

ನಾಗವೇಣಿ ಅವನ ಅಂಗಿಯ ಹಿಂಬದಿ ಹಿಡಿದು ಎಳೆದು ಕೂರಿಸಿದಳು. "ಕೂತ್ಕ. ಉಜ್ಜಲಿ."

"ಉಜ್ಜಲಿ ಅಂದ್ರ?"

"ಉಜ್ಜಿದ್ರೇನೇ ತೆರೆಯೋದು."

ಆಚೆ ದೊಡ್ಡರಂಗಪ್ಪ ಹೆಬ್ಬೆರಳಿಗೆ ಉಗುಳು ಹಚ್ಚಿ, ಉಗುರಿನಿಂದ ಚುಕ್ಕೆಯನ್ನು ಕೆರೆಯಲು ಹೋದ. ತಟ್ಟನೆ ಕೈ ನಿಲ್ಲಿಸಿದ. ಹೆಬ್ಬೆರಳು ಗಾಳಿಯಲ್ಲೇ ಉಳಿಯಿತು. ನಂತರ ಅವನು ಅಲುಗಾಡಲಿಲ್ಲ. ಮೂರು ಸೆಕೆಂಡು ಹೋಯಿತು, ಮೂರು ನಿಮಿಷ ಹೋಯಿತು. ಗಿರಾಕಿಯೊಬ್ಬ ಬಂದು ಬನಿಯನ್ನು ಕೇಳಿದರೆ ಕೈಯಿಂದಲೇ ಸುಮ್ಮನಿರಿಸಿದ.

"ಏನು ನೋಡಾಕತ್ಯಾನ?"

ನಾಗವೇಣಿ ತನ್ನ ಫೋನು ತೆಗೆದು, ಬಿಳಿ ಪುಟದಲ್ಲಿ ಪ್ಯಾಂಟಿನ ಜೇಬಿನ ಪಕ್ಕ ಇದ್ದ ಕಪ್ಪು ಚುಕ್ಕೆಯನ್ನು ಬೆರಳಿನಿಂದ ಒತ್ತಿದಳು. ಪ್ಯಾಂಟು ಮಾಯವಾಗಿ ಅದರ ಒಳಮಗ್ಗುಲು ಬಂತು. ತಿರುಗುಮುರುಗು ಮಾಡಿದ ಪ್ಯಾಂಟು, ಹೊರಕ್ಕೆಳೆದ ಜೇಬು, ಎರಡು ಸಾಲು ಹೊಲಿಗೆ, ಅದನ್ನು ಹಿಡಿದ ಮೈಲಾರಮ್ಮನ ಕೈ, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಹೆಬ್ಬೆರಳು. ಜೇಬಿನ ಮೂಲೆಯಲ್ಲಿ ಕಪ್ಪು ಹೊಲಿಗೆ. ಕೆಳಗೆ ಒಂದೇ ಸಾಲು, ಸರಸ್ವತಮ್ಮ ಆಡಿದ್ದು ಆಡಿದ ಹಾಗೆ: 'ಒಳಗ ನೋಡ್ರಿ. ಹೊರಗಡಿ ಎಲ್ಲಾರೂ ಚಂದನ ಹೊಲೀತಾರ.'

"ಮಾವ, ಆರು ವರ್ಷದಿಂದ ಈ ಕುರ್ಚಿ ಮೇಲೆ ಕೂತು ಅವರ ಅಂಗ್ಡಿ ನೋಡ್ತಿದೀನಿ. ಯಾರೇ ಪ್ಯಾಂಟು ತಂದ್ಕೊಟ್ರೂ ಮುಂದ್ಗಡೆ ನೋಡಿದ್ದು ಒಂದಿನಾನೂ ಇಲ್ಲ. ಮೊದ್ಲು ಜೇಬಿಗೆ ಕೈ ಹಾಕಿ ಒಳಗಿಂದು ಹೊರಕ್ಕೆ ಎಳೀತಾರೆ. ಅವರ ಮೊದಲ್ನೇ ನೋಟಾನೇ ಅದು. ಅತ್ತೆ ಜೇಬು ತಿರುವಿ ತೋರಿಸ್ದಾಗ ನಂಗೆ ಹೊಳೀತು."

"ಮೊದಲ ನನಗ ಯಾಕ ಹೇಳಲಿಲ್ಲ?"

"ಹೇಳಿದ್ರೆ ಆ ಬೊಟ್ಟಿನ ಮೇಲೆ 'ಇಲ್ಲಿ ಒತ್ತಿರಿ' ಅಂತ ಬರಿಸ್ತಿದ್ದೆ. ನಾಲ್ಕು ಭಾಷೇಲಿ. ಕೆಳಗೊಂದು ಬಾಣದ ಗುರ್ತು."

ಮುದ್ದಪ್ಪ ಅಲ್ಲವೆನ್ನಲು ನೋಡಿದ. ಬಾಣ ಕೆಂಪು ಬಣ್ಣದ್ದಾಗಿರುತ್ತಿತ್ತು ಎಂಬುದೂ ಅವನಿಗೆ ಗೊತ್ತಿದ್ದರಿಂದ ಸುಮ್ಮನಾದ.

ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮುದ್ದಪ್ಪ ಯೂನಿಟ್ಟಿನ ಗದ್ದಲದಲ್ಲೂ ಕೇಳಿಸಲೆಂದು ಅದಕ್ಕೆ ಸುಪ್ರಭಾತ ಹಾಕಿಸಿದ್ದ. ಬೀದಿಯ ಆಚೆ ಫೋನು ಕಿವಿಗಿಟ್ಟ ದೊಡ್ಡರಂಗಪ್ಪ ನಿಧಾನವಾಗಿ ಕತ್ತು ತಿರುಗಿಸಿ ಝೆರಾಕ್ಸ್ ಅಂಗಡಿಯ ಕಡೆ ನೋಡಿದ.

"ಏನಯ್ಯ ಮುದ್ದಪ್ಪ. ಫೋನು ಇಲ್ಲಿ ಮರ್ತು ಹೋಗಿದೀಯೋ, ಇಲ್ಲಾ ಫೋನಿನ ಜತೆ ನೀನೂ ಇಲ್ಲೇ ಇದೀಯೋ?"

ಮುದ್ದಪ್ಪ ಮಿಷನ್ನಿನ ಹಿಂದಿನಿಂದ ಎದ್ದ. ಅಂಗಿಯ ತೋಳಿಗೆ ಝೆರಾಕ್ಸಿನ ಕರಿ ಪುಡಿ ಮೆತ್ತಿತ್ತು. ಕೈಮುಗಿದುಕೊಂಡೇ ಬೀದಿ ದಾಟಿದ. ಮೊದಲ ಪುಟಕ್ಕೆಂದು ಹೊಡೆಸಿದ್ದ ಫೋಟೋದಲ್ಲಿ ಹೇಗಿದ್ದನೋ ಹಾಗೇ.

"ಆ ಕರಿ ಹೊಲಿಗೆ ಏನದು?"

ಸುಳ್ಳು ಹೇಳಲು ಪುರುಸೊತ್ತಿರಲಿಲ್ಲ. "ದೃಷ್ಟಿ ಆಗಬಾರದು ಅಂತ್ರಿ. ನಮ್ಮ ಮನಿಯಾಕಿ ಹಾಕ್ತಾಳ. ಲಾಟಿನ ಮೊದಲನೇ ಪೀಸಿಗೆ."

"ನಂಗೆ ಮೂರು ಸಾವಿರಕ್ಕೂ ಹಾಕು."

"ಅದು ಒಂದಕ್ಕ ಮಾತ್ರ ರೀ, ಯಜಮಾನ್ರ..."

"ಮೂರು ಸಾವಿರಕ್ಕೂ. ಬ್ಯಾರೆಯವರ ಯೂನಿಟ್ನಾಗೆ ಸಾವಿರ ಹೊಲಿಸಿ ಮಧ್ಯ ಸೇರಿಸಿ ಕಳ್ಸಿದ್ರೆ ನಂಗೆ ಗೊತ್ತಾಗ್ಬೇಕು. ಜೇಬಿನ ಹೊಲಿಗೆ ಆ ಕೈಯಿಂದೇ ಆಗ್ಬೇಕು." ದೊಡ್ಡರಂಗಪ್ಪ ಫೋನಿನಲ್ಲಿದ್ದ ಮೈಲಾರಮ್ಮನ ಹೆಬ್ಬೆರಳನ್ನು ತೋರಿಸಿದ. "ಈ ಕೈ ನಿನ್ ಹತ್ರ ಐತೆ ತಾನೆ?"

ಮುದ್ದಪ್ಪನಿಗೆ ಎರಡು ಕಡೆಯಿಂದ ಪೆಟ್ಟಾಯಿತು. ಲಾಟು ಸಿಕ್ಕರೆ ಸಾವಿರ ಪೀಸು ಶಿವರಾಮನಿಗೇ ಕೊಟ್ಟು ಹೊಲಿಸಿದರಾಯಿತೆಂದು ಬಸ್ಸಿನಲ್ಲಿ ಬರುವಾಗ ನಿಜಕ್ಕೂ ಯೋಚಿಸಿದ್ದ. ಇನ್ನೊಂದು, ಆ ಕೈ ತನ್ನ ಹತ್ತಿರ ಇದೆಯೋ ಇಲ್ಲವೋ ಅವನಿಗೇ ಖಾತ್ರಿಯಿರಲಿಲ್ಲ.

"ಐತ್ರಿ" ಅಂದ.

ಬಸ್ಸು ಸಿಗುವವರೆಗೂ ತಡೆಯಲಾರದೆ ಅಲ್ಲಿಂದಲೇ ಮನೆಗೆ ಫೋನು ಮಾಡಿದ. ಮೂರು ಸಾವಿರ ದೃಷ್ಟಿಹೊಲಿಗೆಯ ಮಾತು ಕೇಳಿ ಸರಸ್ವತಮ್ಮ, "ಎಲ್ಲಾ ಕೂಸಿಗೂ ಬೊಟ್ಟು ಇಟ್ರ ಕಣ್ಣು ಯಾವುದರ ಮ್ಯಾಲೆ ಬೀಳಬೇಕ್ರಿ?" ಎಂದು ಕೇಳಿದಳು. ಆಮೇಲೆ, "ಒಂದು ಡಜನ್ ಕರೇ ದಾರ ತರ್ರಿ" ಅಂದಳು. ಮೈಲಾರಮ್ಮನಿಗೆ ಹೇಳು ಎಂದರೆ, "ನಾ ಯಾಕ ಹೇಳ್ಲಿ, ಅದು ನೀವೇ ಬಂದು ಹೇಳ್ರಿ" ಎಂದು ಇಟ್ಟುಬಿಟ್ಟಳು.

ಮಂಗಳವಾರ ಬೆಳಿಗ್ಗೆ ಮುದ್ದಪ್ಪ 'ಫ್ಯಾನು' ಎಂಬ ಮಾತಿನಿಂದ ಶುರು ಮಾಡಿದ. ಮೈಲಾರಮ್ಮ ಫ್ಯಾನಿನ ಮಾತು ಪೂರ್ತಿ ಕೇಳಿದಳು, ಬೇಡವೆನ್ನಲಿಲ್ಲ. "ನೋಡೋಣ್ರಿ" ಅಂದಳು. ಫ್ಯಾನು ಬಂತು, ಅವಳ ತಲೆಯ ಮೇಲೇ ತಿರುಗಿತು. ಅವಳು ದಿನಾ ಬಂದು ಹೊಲಿದು ಹೋದಳು, 'ನೋಡೋಣ' ಮಾತ್ರ ಹಾಗೇ ಉಳಿಯಿತು. ಒಂದು ವಾರ ಮುದ್ದಪ್ಪನಿಗೆ ಅನ್ನ ರುಚಿಸಲಿಲ್ಲ.

ಅಷ್ಟರಲ್ಲಿ ಮಡಕಶಿರಾದ ಸುದ್ದಿ ರಾಯದುರ್ಗಕ್ಕೆ ಅರ್ಧ ತಲುಪಿತ್ತು. ಚುಕ್ಕೆ ಇಟ್ಟ ವೆಬ್‌ಸೈಟು ಗೆದ್ದಿತು ಎಂಬಷ್ಟು. ಶಿವರಾಮ ಬಿಳಿಯ ಮನುಷ್ಯನ ಎಡಗೆನ್ನೆಗೆ ಒಂದು ಚುಕ್ಕೆ ಇಡಿಸಿದ. ಅವನನ್ನು ನೋಡಿ ಇನ್ನೂ ನಾಲ್ಕು ಯೂನಿಟ್ಟಿನವರು ಇಟ್ಟರು. ಒಬ್ಬರಂತೂ ಯಾವುದಕ್ಕೂ ಇರಲಿ ಎಂದು ಮೂರು ಇಟ್ಟರು. ಬಜಾರಿನ ಚಾ ಅಂಗಡಿಯಲ್ಲಿ ಜನ ಫೋನು ಉಜ್ಜುತ್ತ ಕೂತಿರುವುದು ಸಾಮಾನ್ಯವಾಯಿತು.

ಮುಂದಿನ ಬುಧವಾರ ಶಿವರಾಮ ಖುದ್ದಾಗಿ ಕೊಳಾಯಿಯ ಹತ್ತಿರ ಬಂದು ನಿಂತ. ಮೈಲಾರಮ್ಮ ಕೊಡ ತುಂಬಿಸುತ್ತಿದ್ದಳು. ಮುದ್ದಪ್ಪ ಎಮ್ಮೆಯ ಮರೆಯಲ್ಲಿ ನಿಂತು ಕೇಳಿಸಿಕೊಂಡ. ಈಚೆಗೆ ಮರೆಯಲ್ಲಿ ನಿಲ್ಲುವುದು ಅವನಿಗೆ ಅಭ್ಯಾಸವಾಗಿತ್ತು.

"ಮೈಲಾರಮ್ಮಾ, ನಮ್ಮ ಕಡಿನೂ ದೊಡ್ಡ ದೊಡ್ಡ ಲಾಟು ಬರ್ತಾವ. ನೋಡಿಲ್ಲಿ, ನಾವೂ ಬೊಟ್ಟು ಇಟ್ಟೀವಿ."

ಮೈಲಾರಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಫೋನು ಇಸಿದುಕೊಂಡಳು. ಬಿಳಿಯ ಮನುಷ್ಯನ ಕೆನ್ನೆಯ ಚುಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಮತ್ತೆ ಒತ್ತಿದಳು. ತಿಕ್ಕಿದಳು. ಮೋಟಾರು ಸೈಕಲ್ಲು ಒಂದು ಸಲ ಗರ್ಜಿಸಿ ಸುಮ್ಮನಾಯಿತು.

"ಒಳಗ ಏನೂ ಇಲ್ಲಲ್ರಿ" ಎಂದು ಫೋನು ಹಿಂದಕ್ಕೆ ಕೊಟ್ಟಳು.

ಕೊಡ ಸೊಂಟಕ್ಕೇರಿಸಿ, ಎಮ್ಮೆಯ ಬೆನ್ನಿಗೆ ಒಂದು ತಟ್ಟಿ ಪಕ್ಕಕ್ಕೆ ಸರಿಸಿ, ಅದರ ಹಿಂದೆ ನಿಂತಿದ್ದ ಮುದ್ದಪ್ಪನನ್ನು ನೋಡಿಯೂ ನೋಡದವಳಂತೆ ಒಳಗೆ ಹೋದಳು. ಅರೆಗಳಿಗೆಯಲ್ಲಿ ಮೊದಲ ಸಾಲಿನ ಮಿಷನ್ನು ಶುರುವಾಯಿತು. ಮುದ್ದಪ್ಪ ಇನ್ನೂ ಎಮ್ಮೆಯ ಪಕ್ಕದಲ್ಲೇ ಇದ್ದ. ಒಳಗಿನಿಂದ ಅವಳ ಕೂಗು ಬಂತು: "ಅಣ್ಣಾ, ಅಲ್ಲೇ ನಿಂತಿದ್ರ ಮೂರು ಸಾವಿರಕ್ಕ ಕರೇ ದಾರ ಯಾರು ತರ್ತಾರ್ರಿ?"